ಬೆಳಗುವುದು ಯಾವುದನ್ನು?

ಕೇಳುಗರಿಗೆ ನಮಸ್ಕಾರ.

ಮೊದಲು ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಕಾರಿನ ಅಲಾಯ್ ಚಕ್ರಗಳು ಮಂಕಾಗಿದ್ದವು. ಅಲ್ಯೂಮಿನಿಯಂ ತಾನೇ, ಉಜ್ಜಿದರೆ ಹೊಳೆಯುತ್ತದೆ ಅಂತ ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿದೆ, ತಿಕ್ಕಿದೆ, ಮೊಣಕೈ ನೋಯುವ ತನಕ ತಿಕ್ಕಿದೆ. ಬಿಸಿಲಿಗೆ ಹಿಡಿದು ನೋಡಿದರೆ ಚಕ್ರದ ತುಂಬ ಜೇಡರ ಬಲೆಯಂಥ ಗೀರು!

ನಾನು ತಿಕ್ಕಿದ್ದು ಅಲ್ಯೂಮಿನಿಯಂ ಆಗಿರಲೇ ಇಲ್ಲ. ಅದರ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪೊರೆ ಇರುತ್ತದೆ, ಹೆಚ್ಚುಕಡಿಮೆ ಕೂದಲೆಳೆಯಷ್ಟು ತೆಳು. ಲೋಹಕ್ಕೆಂದು ಮಾಡಿದ ಪಾಲಿಶ್ ಆ ಪೊರೆಗೆ ಒರಟು. ನಿಮ್ಮ ಚಕ್ರಕ್ಕೆ ಪೊರೆ ಇದೆಯೋ ಇಲ್ಲವೋ ತಿಳಿಯಬೇಕೇ? ಕಣ್ಣಿಗೆ ಬೀಳದ ಒಂದು ಮೂಲೆಯನ್ನು ಚೆನ್ನಾಗಿ ತೊಳೆದು, ಬಿಳಿ ಬಟ್ಟೆಗೆ ಒಂದು ಹನಿ ಪಾಲಿಶ್ ಹಾಕಿ ಮೆಲ್ಲಗೆ ಉಜ್ಜಿ. ಬಟ್ಟೆ ಕಪ್ಪಾದರೆ ಬರೀ ಲೋಹ. ಕಪ್ಪಾಗದಿದ್ದರೆ ಪೊರೆ ಇದೆ, ಕೈ ಅಲ್ಲಿಗೇ ನಿಲ್ಲಿಸಿ.

ಇನ್ನು ಕೊಳೆಯ ಮಾತು. ಚಕ್ರದ ಮೇಲೆ ಕೂರುವ ಆ ಕಂದು ಪುಡಿ ರಸ್ತೆಯ ಧೂಳಷ್ಟೇ ಅಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ಡಿಸ್ಕೂ ಅದನ್ನು ಅಮುಕಿ ಹಿಡಿಯುವ ಪ್ಯಾಡೂ ಸವೆದು, ಕಾದ ಕಬ್ಬಿಣದ ಕಣಗಳು ಸಿಡಿದು ಪೊರೆಗೆ ಅಂಟಿಕೊಳ್ಳುತ್ತವೆ. ನೀರು ಬಿದ್ದರೆ ಅಲ್ಲೇ ತುಕ್ಕು. ಅದಕ್ಕೇ ಒಣ ಬಟ್ಟೆಯಲ್ಲಿ ಒರೆಸುವುದೆಂದರೆ ಮರಳುಕಾಗದ ಆಡಿಸಿದ ಹಾಗೆ.

ಕಾರು ಓಡಿಸಿ ಬಂದ ಕೂಡಲೇ ತೊಳೆಯಬೇಡಿ. ಚಕ್ರ ಕೈಗೆ ತಣ್ಣಗೆ ಹತ್ತಬೇಕು, ಇಲ್ಲದಿದ್ದರೆ ಹಚ್ಚಿದ್ದು ಅಲ್ಲೇ ಒಣಗಿ ಕಲೆ ಬೀಳುತ್ತದೆ. ಮೊದಲು ಜೋರಾಗಿ ನೀರು ಬಿಟ್ಟು, ಆಮೇಲೆ ಕಾರಿನ ಶಾಂಪೂ, ಮೆತ್ತನೆಯ ಬ್ರಷ್. ಚಕ್ರಕ್ಕೆ ಬಳಸಿದ ಬಕೆಟ್ಟು, ಬಟ್ಟೆ ಬಾಡಿಯ ಹತ್ತಿರ ಸುಳಿಯಬಾರದು. ಒಂದೊಂದೇ ಚಕ್ರ ಮುಗಿಸಿ.

ಅಷ್ಟಕ್ಕೂ ಬಿಡದ ಕಣಗಳಿಗೆ ಕಬ್ಬಿಣ ಕರಗಿಸುವ ದ್ರಾವಣ ಸಿಗುತ್ತದೆ. ಸಿಂಪಡಿಸಿ ಎರಡು ಮೂರು ನಿಮಿಷ ನೋಡುತ್ತಾ ನಿಂತರೆ, ಬಣ್ಣವಿಲ್ಲದ ನೀರು ಕಡ್ಡಿಗಳ ಸಂದಿಯಲ್ಲಿ ನೇರಳೆಯಾಗಿ ಇಳಿಯತೊಡಗುತ್ತದೆ. ಕಬ್ಬಿಣದ ಜೊತೆ ಸೇರಿದ ಗುರುತು ಅದು. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಮೂಗು ಮುಚ್ಚಿಕೊಳ್ಳದೆ ವಿಧಿಯಿಲ್ಲ. ಒಣಗುವ ಮೊದಲೇ ತೊಳೆದುಬಿಡಿ.

ಆಮ್ಲದ ಕ್ಲೀನರಿನ ಆಸೆಗೆ ಬೀಳಬೇಡಿ. ಅಲ್ಯೂಮಿನಿಯಂಗೆ ಆಮ್ಲವೂ ಆಗದು, ಕಟು ಕ್ಷಾರವೂ ಆಗದು. ಪೊರೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಸೀದಾ ಒಳಗೆ ಹೋಗಿ ತಿನ್ನುತ್ತದೆ. ಕೆಲವದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವೇ ಇರುತ್ತದೆ. ಅದು ಚರ್ಮಕ್ಕೆ ತಾಗಿದ ಕ್ಷಣ ಉರಿಯದೇ ಇರಬಹುದು, ಆದರೆ ಒಳಗಿಳಿದು ಮೂಳೆಯವರೆಗೂ ಹೋಗುತ್ತದೆ. ಚಕ್ರದ ಹೊಳಪಿಗೆ ಅಷ್ಟು ಬೆಲೆ ತೆರಬೇಕೇ?

ತೊಳೆದ ಮೇಲೂ ಮಂಕಾಗಿಯೇ ಇದ್ದರೆ ಕಾರಿನ ಪೇಂಟಿಗೆ ಬಳಸುವ ನಯವಾದ ಪಾಲಿಶ್ ಸಾಕು, ಮೈಕ್ರೋಫೈಬರ್ ಬಟ್ಟೆಯಲ್ಲಿ, ಹಗುರ ಕೈಯಲ್ಲಿ. ಮೇಲೊಂದು ಪದರ ವ್ಯಾಕ್ಸ್ ಹಚ್ಚಿದರೆ ಮುಂದಿನ ಸಲ ಅರ್ಧ ಕೊಳೆ ನೀರಿಗೇ ಹೋಗುತ್ತದೆ. ವ್ಯಾಕ್ಸ್ ಕೈ ಡಿಸ್ಕಿಗೆ ತಾಗದಿರಲಿ.

ಪಾಲಿಶಿಗೆ ಬಗ್ಗದ ಒಂದು ಕಾಯಿಲೆಯೂ ಇದೆ. ಕಲ್ಲೇಟು ಬಿದ್ದ ಜಾಗದಿಂದ ಹುಳು ತೆವಳಿದಂಥ ಬಿಳಿ ಗೆರೆಗಳು ಹರಿದಿದ್ದರೆ, ತೇವ ಪೊರೆಯಡಿ ಸೇರಿ ಲೋಹವನ್ನು ತಿನ್ನುತ್ತಿದೆ ಎಂದರ್ಥ. ಮೇಲಿನಿಂದ ಎಷ್ಟು ತಿಕ್ಕಿದರೂ ಅದು ಕೈಗೆ ಸಿಗದು. ಪೊರೆ ಪೂರ್ತಿ ತೆಗೆಸಿ ಹೊಸದು ಹಾಕಿಸಬೇಕು. ಪೊರೆಯೇ ಬೇಡ ಎನ್ನುವವರೂ ಇದ್ದಾರೆ. ಅವರು ಆಗಾಗ ಕೂತು ಲೋಹ ಬೆಳಗುತ್ತಲೇ ಇರಬೇಕು. ನನ್ನ ಮೊಣಕೈ ಅದಕ್ಕೆ ಒಪ್ಪುವುದಿಲ್ಲ.

ಎಲ್ಲ ಮುಗಿದ ಮೇಲೆ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತುಕ್ಕು ಕಂಡರೆ ಗಾಬರಿಯಾಗಬೇಡಿ. ನಿಧಾನಕ್ಕೆ ಓಡಿಸುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ. ಡಿಸ್ಕು ಒಣಗುತ್ತದೆ, ತುಕ್ಕೂ ಸವೆದು ಹೋಗುತ್ತದೆ. ನಮಸ್ಕಾರ.