ಮೈ-ಕೈಯಲ್ಲಿ ಉಳಿದದ್ದು ಮತ್ತು ಬರೆದಿಡಬೇಕಾದದ್ದು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಫ್ಲಾರಿಡಾದಲ್ಲಿ ಫೋರ್ಟ್ ಲಾಡರ್‌ಡೇಲ್ ಅಂತ ಒಂದು ಕಡಲತೀರದ ಊರಿದೆ. ಚಳಿಗಾಲ ಬಂತೆಂದರೆ ಪ್ರವಾಸಿಗರು ಮುಗಿಬೀಳುವ ಜಾಗ. ಅಲ್ಲಿನ ಹೆದ್ದಾರಿ ಪಕ್ಕದಲ್ಲೇ 'ಮೈ-ಕೈ' ಎಂಬ ಹಳೆಯ ಹೋಟೆಲು. ನಗಬೇಡಿ, ನಮ್ಮ ಮೈಕೈ ನೋವಿಗೂ ಅದಕ್ಕೂ ಸಂಬಂಧವಿಲ್ಲ!

ಶಿಕಾಗೋ ಕಡೆಯ ಬಾಬ್ ಮತ್ತು ಜ್ಯಾಕ್ ಥಾರ್ನ್‌ಟನ್ ಎಂಬ ಅಣ್ಣತಮ್ಮಂದಿರು 1956ರ ಡಿಸೆಂಬರ್‌ನಲ್ಲಿ ಇದನ್ನು ತೆರೆದರು. ಬಿದಿರು, ಮರದಲ್ಲಿ ಕೆತ್ತಿದ ದೇವರುಗಳು, ಮಂದ ದೀಪ, ರಮ್ ಬೆರೆಸಿದ ಹಣ್ಣಿನ ಪಾನೀಯ, ರಾತ್ರಿಯಾದರೆ ಪೆಸಿಫಿಕ್ ದ್ವೀಪಗಳ ಕುಣಿತ. ಈ ಶೈಲಿಗೆ 'ಟಿಕಿ' ಎನ್ನುತ್ತಾರೆ. ಇದು ಹುಟ್ಟಿದ್ದು ಯಾವ ದ್ವೀಪದಲ್ಲೂ ಅಲ್ಲ. 1930ರ ದಶಕದ ಹಾಲಿವುಡ್‌ನಲ್ಲಿ, 'ಡಾನ್ ದ ಬೀಚ್‌ಕೋಂಬರ್' ಎಂಬ ಬಾರಿನಲ್ಲಿ. ಕಡಲಾಚೆಯ ದ್ವೀಪಗಳ ಬಗ್ಗೆ ಅಮೆರಿಕನ್ನರು ಕಂಡ ಒಂದು ಕನಸು, ಅಷ್ಟೇ.

ಮೈ-ಕೈಯ ಮೊಲೊಕೈ ಬಾರನ್ನು ಹಳೆಯ ಹಡಗಿನ ಹಾಗೆ ಕಟ್ಟಿದ್ದಾರೆ. ಅದರ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಲೇ ಇರುತ್ತದೆ. ಹೊರಗೆ ಸುಡುಬಿಸಿಲಿದ್ದರೂ ಒಳಗೆ ಕೂತವರಿಗೆ ನಡುಗಡಲಿನ ಮಳೆ! ಆದರೆ 2020ರ ಅಕ್ಟೋಬರ್‌ನಲ್ಲಿ ಬಂದದ್ದು ನಿಜವಾದ ಮಳೆ. ಅಡುಗೆಮನೆಯ ಸೂರು ಹಾಳಾಗಿ ಹೋಟೆಲು ಬಾಗಿಲು ಹಾಕಿತು. ಮತ್ತೆ ತೆರೆದದ್ದು 2024ರ ಕೊನೆಗೆ. ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಅದು 2014ರಲ್ಲೇ ಸೇರಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೂರು ಸೋರದೆ ಇರುತ್ತದೆಯೇ?

ಸೂರನ್ನಾದರೂ ಮತ್ತೆ ಹೊದಿಸಬಹುದು. ನನಗೆ ಜಾಸ್ತಿ ಚಿಂತೆ ಕಾಗದದ್ದು. ಮೆನು ಕಾರ್ಡು, ಬೆಂಕಿಪೊಟ್ಟಣ, ಪೋಸ್ಟ್‌ಕಾರ್ಡು, ಕೆಲಸಗಾರರ ಕಿಸೆ ಪುಸ್ತಕ. ಆ ಹಾಲಿವುಡ್ ಬಾರಿನ ಮಾಲೀಕ ಡಾನ್ ತನ್ನ ಪಾನೀಯಗಳ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಬೆರಕೆಗಳಿಗೆ ಗುಪ್ತ ಹೆಸರಿಟ್ಟಿದ್ದ. ಬೆರೆಸುವವನಿಗೂ ಒಳಗೇನಿದೆ ಅಂತ ಗೊತ್ತಾಗಬಾರದು! ಅವನ 'ಜಾಂಬಿ' ಪಾನೀಯದಲ್ಲಿ 'ಡಾನ್ಸ್ ಮಿಕ್ಸ್' ಎಂಬುದೊಂದಿತ್ತು. ಅದೇನು ಅಂತ ದಶಕಗಳ ಮೇಲೆ ಪತ್ತೆಹಚ್ಚಿದವರು ಟಿಕಿ ಪಾನೀಯಗಳ ಇತಿಹಾಸ ಕೆದಕುವ ಜೆಫ್ ಬೆರಿ. ಅವರಿಗೆ ಸುಳಿವು ಸಿಕ್ಕಿದ್ದು ಅಲ್ಲಿ ಸಪ್ಲೈಯರ್ ಆಗಿದ್ದವನೊಬ್ಬನ ಹಳೆಯ ಟಿಪ್ಪಣಿ ಪುಸ್ತಕದಿಂದ. ಗುಟ್ಟು ಇಷ್ಟೇ: ಗ್ರೇಪ್‌ಫ್ರೂಟ್ ರಸ, ಜೊತೆಗೆ ದಾಲ್ಚಿನ್ನಿ ಪಾಕ. ಮನೆಯವರು ಆ ಪುಸ್ತಕವನ್ನು ರದ್ದಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಇನ್ನೊಂದು ಮಾತು. ಈ ಬಾರುಗಳಲ್ಲಿ ನಿಂತು ದುಡಿದವರಲ್ಲಿ ಬಹಳಷ್ಟು ಮಂದಿ ಫಿಲಿಪೀನ್ಸ್ ಕಡೆಯವರು. ಮೈ-ಕೈಯ ಪಾನೀಯಗಳಿಗೆ ರೂಪ ಕೊಟ್ಟ ಮರಿಯಾನೊ ಲಿಕುಡೀನ್ ಕೂಡ ಅಲ್ಲಿಯವರೇ. ಮೊದಲು ಡಾನ್ ಬಳಿ ವರ್ಷಗಟ್ಟಲೆ ಕೆಲಸ ಮಾಡಿ ಕೈ ಪಳಗಿಸಿಕೊಂಡವರು. ಇಂಥ ಕೆಲವು ಬಾರುಗಳ ಹೊರಗಿನ ಫಲಕದಲ್ಲಿ ಮಿನುಗುತ್ತಿದ್ದದ್ದು ಮಾಲೀಕರ ಹೆಸರು. ಲೋಟ ತುಂಬಿದ ಕೈಗಳ ಹೆಸರು ಮೆನುವಿನಲ್ಲೂ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಪೆಸಿಫಿಕ್ ದ್ವೀಪದವರಿಗೂ ಇಲ್ಲಿ ತಕರಾರಿದೆ. ಅವರು ಪೂಜಿಸಿದ ಮೂರ್ತಿಯ ಮುಖ ಇಲ್ಲಿ ಹೆಂಡದ ಮಗ್ಗಾಯಿತು. ನಮ್ಮ ದೇವರ ಮುಖ ಹಾಗೆ ಬಂದರೆ ನಾವು ಸುಮ್ನೆ ಇರ್ತೀವಾ? ಹಾಗಂತ ಮಗ್ಗುಗಳನ್ನೆಲ್ಲ ಒಡೆದು ಹಾಕಿ ಅನ್ನುವವನು ನಾನಲ್ಲ. ಕಪಾಟಿನಲ್ಲಿ ಇರಲಿ. ಪಕ್ಕದ ಚೀಟಿಯಲ್ಲಿ ಮಾತ್ರ ನೇರವಾಗಿ ಬರೆದಿರಲಿ: ಮುಖ ಎಲ್ಲಿಯದು, ಮಗ್ಗು ಮಾಡಿದವರು ಯಾರು, ಯಾವ ಬಾರಿನಲ್ಲಿ, ಯಾರು ಅದನ್ನು ತುಂಬಿಸಿ ಕೊಡುತ್ತಿದ್ದರು. ಆಗ ಕೆಲಸಕ್ಕಿದ್ದವರಿಗೆಲ್ಲ ಈಗ ವಯಸ್ಸಾಗಿದೆ. ಈ ಚೀಟಿ ಬರೆಯುವ ಮುಂಚೆ ಟೇಪ್ ರೆಕಾರ್ಡರ್ ಹಿಡಿದು ಅವರ ಮನೆಗಳಿಗೆ ಹೋಗಿ ಬರಬೇಕು.

ನಮಸ್ಕಾರ.