ರಾಜಕುಮಾರಿಯ ಕೂದಲು, ದೆವ್ವದ ಕೂದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್, ನೋಡುವ ಮಕ್ಕಳಿದ್ದರೆ ಈ ತಲೆಗೂದಲನ್ನು ನೀವೂ ಒಮ್ಮೆಯಾದರೂ ನೋಡಿರುತ್ತೀರಿ. ಹುಬ್ಬಿನ ಮೇಲೆ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ಒಂದು ನೇರ ಗೆರೆ. ಎರಡು ಕೆನ್ನೆಗಳ ಪಕ್ಕ ಎರಡು ಎಳೆ. ಅವೂ ದವಡೆಯ ಹತ್ತಿರ ಥಟ್ಟನೆ ನಿಂತುಬಿಡುತ್ತವೆ. ಹಿಂದಿನ ಕೂದಲು ಮಾತ್ರ ಬೆನ್ನು ದಾಟಿ ಸೊಂಟದವರೆಗೆ ಇಳಿದಿರುತ್ತದೆ. ಜಡೆ ಇಲ್ಲ, ತುರುಬಿಲ್ಲ, ಒಂದು ಸುರುಳಿಯೂ ಇಲ್ಲ. ಇದಕ್ಕೆ ಹಿಮೆ ಕಟ್ ಅನ್ನುತ್ತಾರೆ. ಹಿಮೆ ಅಂದರೆ ರಾಜಕುಮಾರಿ, ದೊಡ್ಡ ಮನೆತನದ ಹೆಣ್ಣುಮಗಳು.

ಈ ಕೂದಲಿನ ಹುಡುಗಿ ಪರದೆಗೆ ಬಂದ ಕೂಡಲೇ ಜಪಾನಿನ ನೋಡುಗರಿಗೆ ಅರ್ಧ ಕಥೆ ಗೊತ್ತಾಗಿಬಿಡುತ್ತದೆ. ಹಳೇ ಮನೆತನದವಳು. ಮಾತು ಕಡಿಮೆ. ಆಡಿದರೆ ತೂಕದ ಮಾತು. ಬಿಲ್ಲುವಿದ್ಯೆಯೋ, ಚಹಾ ಮಾಡುವ ಶಾಸ್ತ್ರವೋ, ಕೋಟೋ ವಾದ್ಯವೋ, ಒಂದನ್ನಾದರೂ ಕಲಿತಿರುತ್ತಾಳೆ. ಯಕ್ಷಗಾನದಲ್ಲಿ ಕೇದಗೆ ಮುಂದಲೆ ಕಟ್ಟಿದ ವೇಷ ರಂಗಕ್ಕೆ ಬಂದರೆ, ಹೆಸರು ಹೇಳುವ ಮೊದಲೇ ಎಳೆ ವಯಸ್ಸಿನ ವೀರ ಬಂದ ಅಂತ ನಮಗೆ ತಿಳಿಯುತ್ತದಲ್ಲ, ಹಾಗೆ.

ಆದರೆ ಇದೇ ಕೂದಲು ಜಪಾನಿನಲ್ಲಿ ದೆವ್ವದ ಕೂದಲೂ ಹೌದು. ರಾಜಕುಮಾರಿಗೂ ದೆವ್ವಕ್ಕೂ ಒಂದೇ ಕೂದಲು ಹೇಗೆ ಬಂತು ಅನ್ನುವುದನ್ನು ಹೇಳಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಜಪಾನಿನಲ್ಲಿ 794ರಿಂದ 1185ರವರೆಗಿನ ಕಾಲವನ್ನು ಹೇಯಾನ್ ಕಾಲ ಅನ್ನುತ್ತಾರೆ. ರಾಜಧಾನಿ ಈಗಿನ ಕ್ಯೋಟೋ. ಅರಮನೆಯ ಹೆಂಗಸರು ಪದರ ಪದರವಾಗಿ ರೇಷ್ಮೆ ಉಡುತ್ತಿದ್ದರು, ಪರದೆಯ ಹಿಂದೆ ಕೂರುತ್ತಿದ್ದರು. ಹೊರಗಿನ ಗಂಡಸರಿಗೆ ಮುಖ ಕಾಣುತ್ತಿದ್ದದ್ದೇ ಅಪರೂಪ. ಕಾಣುತ್ತಿದ್ದದ್ದು ಬಟ್ಟೆಯ ತೋಳಿನ ಅಂಚು, ಕೂದಲಿನ ತುದಿ, ಅಷ್ಟೇ. ಹಾಗಾಗಿ ಚೆಲುವು ಅಂದರೆ ಕೂದಲು ಅಂತಾಯಿತು. ಕೂದಲು ಆಳಿನಷ್ಟು ಉದ್ದವಿರಬೇಕು, ನೆಲಕ್ಕೆ ತಾಗಿದರೆ ಇನ್ನೂ ಒಳ್ಳೆಯದು.

ಆ ಕಾಲದಲ್ಲಿ ಮುರಾಸಾಕಿ ಶಿಕಿಬು ಅನ್ನುವ ಅರಮನೆಯ ಹೆಂಗಸು ಗೆಂಜಿ ಅನ್ನುವ ರಾಜಕುಮಾರನ ಸುತ್ತ ಗೆಂಜಿಯ ಕಥೆ ಬರೆದಳು. 1008ರ ಹೊತ್ತಿಗಾಗಲೇ ಅದನ್ನು ಅರಮನೆಯಲ್ಲಿ ಓದುತ್ತಿದ್ದರು. ಅದರಲ್ಲಿ ಒಬ್ಬ ರಾಜಕುಮಾರಿ ಬರುತ್ತಾಳೆ. ಉದ್ದ ಮೂಗು, ಮೂಗಿನ ತುದಿ ಕೆಂಪು, ಮನೆಯಲ್ಲಿ ಬಡತನ. ಕೂದಲು ಮಾತ್ರ ಅಪ್ಪಟ ಚಿನ್ನ. ಅವಳ ಆಪ್ತ ದಾಸಿ ಊರು ಬಿಟ್ಟು ಹೊರಟಾಗ ಉಡುಗೊರೆ ಕೊಡಲು ಮನೆಯಲ್ಲಿ ಏನೂ ಇರುವುದಿಲ್ಲ. ಆಗ ತನ್ನ ಉದುರಿದ ಕೂದಲನ್ನೇ ಕೂಡಿಟ್ಟು ಮಾಡಿಸಿದ್ದ ಚೌರಿಯನ್ನು ತೆಗೆದುಕೊಡುತ್ತಾಳೆ. ಒಂಬತ್ತು ಶಾಕುವಿಗಿಂತ ಜಾಸ್ತಿ ಉದ್ದ ಇತ್ತು ಅನ್ನುತ್ತದೆ ಕಥೆ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 9 ಅಡಿ!

ಅದೇ ಕಥೆಯಲ್ಲಿ ಇನ್ನೊಂದು ದೃಶ್ಯವಿದೆ. ಕಾಮೋ ಉತ್ಸವದ ದಿನ. ಗೆಂಜಿ ತನ್ನ ಮನೆಯಲ್ಲಿ ಬೆಳೆಯುತ್ತಿರುವ ಚಿಕ್ಕ ಹುಡುಗಿಯ ಕೂದಲನ್ನು ನೋಡುತ್ತಾನೆ. ಕತ್ತರಿಸಿ ಬಹಳ ದಿನವಾಗಿದೆ. ಜೋಯಿಸರನ್ನು ಕರೆಸಿ ಒಳ್ಳೆಯ ಗಳಿಗೆ ನೋಡಿಸುತ್ತಾನೆ. ಮೊದಲು ಅವಳ ಜೊತೆಯ ಪುಟ್ಟ ಹುಡುಗಿಯರಿಗೆ ಕತ್ತರಿ ಆಗುತ್ತದೆ. ಇವಳ ಕೂದಲನ್ನು ಮಾತ್ರ ತಾನೇ ಕತ್ತರಿಸುತ್ತೇನೆ ಅನ್ನುತ್ತಾನೆ. ಕೂದಲು ದಟ್ಟ, ಕತ್ತರಿ ಓಡುವುದಿಲ್ಲ. ಆಗ ಅವನಾಡುವ ಮಾತು ನೋಡಿ. ಎಷ್ಟೇ ಉದ್ದ ಕೂದಲಿನವರಿಗೂ ಹಣೆಯ ಹತ್ತಿರದ ಕೂದಲು ಸ್ವಲ್ಪ ಗಿಡ್ಡ ಇರುತ್ತದೆ, ಒಂದೆಳೆಯೂ ಗಿಡ್ಡ ಇಲ್ಲದಿದ್ದರೆ ಅಂದವೇ ಇಲ್ಲ, ಅನ್ನುತ್ತಾನೆ. ಹಿಂದೆ ಉದ್ದ, ಮುಖದ ಹತ್ತಿರ ಗಿಡ್ಡ. ಹಿಮೆ ಕಟ್ಟಿನ ಲೆಕ್ಕಾಚಾರ ಇಷ್ಟೇ. ಕತ್ತರಿಸಿ ಮುಗಿಸಿದ ಮೇಲೆ, ಸಾವಿರ ಮಾರು ಉದ್ದ ಬೆಳೆಯಲಿ ಅಂತ ಹರಸುತ್ತಾನೆ.

ಕೆನ್ನೆ ಪಕ್ಕದ ಆ ಎಳೆಗಳಿಗೆ ಒಂದು ಶಾಸ್ತ್ರವೇ ಇತ್ತು. ಹೆಸರು ಬಿನ್‌ಸೊಗಿ. ಹುಡುಗಿಗೆ ಸುಮಾರು 16 ವರ್ಷ ಆದಾಗ ಅವಳನ್ನು ಗೋ ಅನ್ನುವ, ಕಪ್ಪು ಬಿಳಿ ಕಾಯಿಗಳ ಆಟದ ಮಣೆಯ ಮೇಲೆ ನಿಲ್ಲಿಸಿ, ಮದುವೆ ಗೊತ್ತಾದ ಗಂಡೋ, ಇಲ್ಲದಿದ್ದರೆ ಅಪ್ಪನೋ ಅಣ್ಣನೋ ಕಿವಿಯ ಮುಂದಿನ ಕೂದಲನ್ನು ಕತ್ತರಿಸುತ್ತಿದ್ದರು. ಹುಡುಗಿ ದೊಡ್ಡವಳಾದಳು ಅಂತ ಗುರುತು. ಗೋ ಮಣೆಯ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. 2011ರ ನವೆಂಬರ್ 3ರಂದು ಜಪಾನಿನ ರಾಜಮನೆತನದ ಹುಡುಗ ಹಿಸಾಹಿತೋಗೆ 5ನೇ ವಯಸ್ಸಿನಲ್ಲಿ ಇಂಥದ್ದೇ ಇನ್ನೊಂದು ಕೂದಲಿನ ಶಾಸ್ತ್ರ ಮಾಡಿದರು. ತುದಿ ಕತ್ತರಿಸಿದ ಮೇಲೆ ಹುಡುಗ ಮಣೆಯಿಂದ ಟಣ್ಣನೆ ಕೆಳಕ್ಕೆ ಹಾರಿದ.

ಅಲ್ಲಿಂದ ಅನಿಮೆಗೆ ಬರಲು ಒಂದು ಸೇತುವೆ ಇದೆ. 12ನೇ ಶತಮಾನದಲ್ಲಿ ಗೆಂಜಿಯ ಕಥೆಗೆ ಬಣ್ಣದ ಚಿತ್ರಸುರುಳಿ ಬರೆದರು. ಅದರ ಉಳಿದ ಭಾಗಗಳು ನಗೋಯಾದ ತೊಕುಗಾವಾ ಮ್ಯೂಸಿಯಂ ಮತ್ತು ಟೋಕಿಯೋದ ಗೋತೋ ಮ್ಯೂಸಿಯಂನಲ್ಲಿವೆ. ಅದರಲ್ಲಿ ಎಲ್ಲರ ಮುಖವೂ ಒಂದೇ. ಕಣ್ಣಿಗೊಂದು ಗೆರೆ, ಮೂಗಿಗೊಂದು ಕೊಕ್ಕೆ, ಬಾಯಿಗೊಂದು ಚುಕ್ಕಿ. ಸಿಟ್ಟಿಲ್ಲ, ಅಳುವಿಲ್ಲ. ಒಂದು ಚಿತ್ರದಲ್ಲಿ ಮನೆಯ ಯಜಮಾನಿ ತಲೆ ತೊಳೆದುಕೊಂಡು ನಮಗೆ ಬೆನ್ನು ಹಾಕಿ ಕೂತಿದ್ದಾಳೆ. ದಾಸಿಯೊಬ್ಬಳು ಒದ್ದೆ ಕೂದಲು ಬಾಚುತ್ತಿದ್ದಾಳೆ. ಎದುರಿಗೆ ಅವಳ ತಂಗಿ ಚಿತ್ರದ ಪುಸ್ತಕ ಬಿಚ್ಚಿಕೊಂಡಿದ್ದಾಳೆ, ಪಕ್ಕದಲ್ಲಿ ಇನ್ನೊಬ್ಬಳು ಕಥೆ ಓದಿ ಹೇಳುತ್ತಿದ್ದಾಳೆ. ಒಬ್ಬರು ದನಿ ಕೊಡುವುದು, ಇನ್ನೊಬ್ಬರು ಚಿತ್ರ ನೋಡುವುದು! ಅನಿಮೆಯ ಅಜ್ಜಿ ಇದೇ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಮುಂದೆ, 1603ರಿಂದ, ಎಡೋ ಕಾಲ ಬಂತು. ಹೆಂಗಸರು ಕೂದಲಿಗೆ ಎಣ್ಣೆ, ಮೇಣ ಹಚ್ಚಿ, ಮೇಲಕ್ಕೆತ್ತಿ ದೊಡ್ಡ ತುರುಬು ಕಟ್ಟತೊಡಗಿದರು. ಮದುವೆ ಆದವಳಿಗೊಂದು ತುರುಬು, ಆಗದವಳಿಗೊಂದು. ಈಗ ಕೂದಲು ಬಿಟ್ಟುಕೊಂಡು ಓಡಾಡುವವರು ಯಾರು? ಕಾಯಿಲೆ ಬಿದ್ದವಳು, ಹುಚ್ಚು ಹಿಡಿದವಳು, ಸತ್ತವಳು. 1825ರಲ್ಲಿ ಕಬುಕಿ ಅನ್ನುವ ಜಪಾನಿನ ನಾಟಕರಂಗಕ್ಕೆ ಬಂದ ಯೊತ್ಸುಯಾದ ದೆವ್ವದ ನಾಟಕದಲ್ಲಿ ಓಯಿವಾ ಅನ್ನುವ ಹೆಂಗಸಿಗೆ ವಿಷ ಹಾಕುತ್ತಾರೆ. ಅವಳು ಕನ್ನಡಿ ಮುಂದೆ ಕೂತು ತಲೆ ಬಾಚಿಕೊಳ್ಳುತ್ತಾಳೆ. ಬಾಚಿದಂತೆಲ್ಲ ಕೂದಲು ಕಂತೆ ಕಂತೆಯಾಗಿ ಕಿತ್ತು ಬರುತ್ತದೆ, ರಕ್ತ ತೊಟ್ಟಿಕ್ಕುತ್ತದೆ. ಅವತ್ತಿನಿಂದ ಜಪಾನಿನ ಹೆಣ್ಣು ದೆವ್ವ ಅಂದರೆ ಬಿಚ್ಚು ಕೂದಲು ಅನ್ನುವುದು ಗಟ್ಟಿಯಾಗಿ ಕೂತುಬಿಟ್ಟಿತು. ಅರಮನೆಯ ಚೆಲುವೆಯ ಕೂದಲು ಸ್ಮಶಾನಕ್ಕೆ ಹೋದದ್ದು ಹೀಗೆ.

ಮತ್ತೆ ಬೀದಿಗೆ ಬಂದದ್ದು 1970ರ ದಶಕದಲ್ಲಿ. 1972ರಲ್ಲಿ ಹಾಡಲು ಶುರು ಮಾಡಿದ ಅಸಾಒಕಾ ಮೆಗುಮಿ ಅನ್ನುವ ಹುಡುಗಿ ಟಿವಿಯಲ್ಲಿ ಈ ಕೂದಲಿನಲ್ಲಿ ಬಂದಳು. ಊರಿನ ಹುಡುಗಿಯರೆಲ್ಲ ಪಾರ್ಲರಿಗೆ ಹೋಗಿ ಅದನ್ನೇ ಕೇಳತೊಡಗಿದರು. ಈ ಕೂದಲು ನೋಡಲು ಸಲೀಸು, ಇಟ್ಟುಕೊಳ್ಳುವುದು ಕಷ್ಟ. ಕೂದಲು ಸ್ವಲ್ಪ ಗುಂಗುರಿದ್ದರೂ ಗೆರೆ ಕೆಡುತ್ತದೆ. ಮುಂದಿನ ಕೂದಲು ಒಂದಿಷ್ಟು ಬೆಳೆದರೆ ಕಣ್ಣಿಗೆ ಚುಚ್ಚುತ್ತದೆ.

ಅನಿಮೆಯಲ್ಲಿ ಆ ತಾಪತ್ರಯ ಇಲ್ಲ. ಪೆನ್ಸಿಲ್ ಎಳೆದಷ್ಟು ನೇರ. ಚಿತ್ರ ಬರೆಯುವವರಿಗೂ ಅನುಕೂಲ. 1963ರ ಜನವರಿ 1ರಂದು ತೆಜುಕಾ ಒಸಾಮು ಅವರ ಆಸ್ಟ್ರೋ ಬಾಯ್ ಟಿವಿಯಲ್ಲಿ ಶುರುವಾಯಿತಲ್ಲ, ಆಗಿನಿಂದ ಟಿವಿ ಅನಿಮೆಯವರ ಚಿಂತೆ ಒಂದೇ, ಕಡಿಮೆ ಗೆರೆ, ಕಡಿಮೆ ಚಿತ್ರ. ಮುಖಕ್ಕೆ ಜಾಸ್ತಿ ಗೆರೆ ಎಳೆಯುವಂತಿಲ್ಲ. ತರಗತಿಯ ಮೂವತ್ತು ಹುಡುಗಿಯರಿಗೆ ಒಂದೇ ಯೂನಿಫಾರ್ಮ್, ಹೆಚ್ಚು ಕಡಿಮೆ ಒಂದೇ ಮುಖ. ಯಾರು ಯಾರು ಅಂತ ಹೇಳಬೇಕಾದದ್ದು ಕೂದಲೇ. ಚಿತ್ರಸುರುಳಿಯ ಕಾಲದ ಕಷ್ಟವೇ ಮತ್ತೆ ಬಂದಿದೆ, ಅಲ್ವಾ? ನೆತ್ತಿಯ ಸುತ್ತ ಬಳೆಯ ಹಾಗೆ ಒಂದು ಬಿಳಿ ಹೊಳಪು ಎಳೆದರೆ ಕೂದಲು ರೇಷ್ಮೆ ಅಂತಲೂ ಹೇಳಿದಂತಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅನಿಮೆಯಲ್ಲಿ ಶ್ರೀಮಂತರ ಮಗಳಿಗೆ ಎರಡು ಬಗೆಯ ತಲೆ. ಹೊಂಬಣ್ಣದ, ಸ್ಪ್ರಿಂಗಿನಂಥ ಸುರುಳಿ ಜೋತಾಡುತ್ತಿದ್ದರೆ ಅವಳದು ಯುರೋಪಿನ ಠೀವಿ. ಬಂಗಲೆ, ಬೀಸಣಿಗೆ ಹಿಡಿದು ಹೋ ಹೋ ಅಂತ ನಗು, ಸ್ವಲ್ಪ ಜಂಬ. ಕಪ್ಪು ಹಿಮೆ ಕಟ್ ಇದ್ದರೆ ಮರದ ಹಳೇ ಮನೆ, ತೋಟದಲ್ಲಿ ಕೊಳ, ಗದರುವ ಅಪ್ಪ. ದುಡ್ಡು ಇಬ್ಬರಲ್ಲೂ ಇದೆ. ಆದರೆ ಎರಡನೆಯವಳ ಹೆಗಲ ಮೇಲೆ ಮನೆತನದ ಹೆಸರು ಕೂತಿದೆ.

ನರುಟೊ ಅನ್ನುವ ಅನಿಮೆ ನೋಡಿದವರಿಗೆ ಹಿನಾತಾ ಗೊತ್ತು. ಹ್ಯೂಗಾ ಮನೆತನದ ಯಜಮಾನನ ಹಿರಿಮಗಳು. ಮೊದಲ ಭಾಗದಲ್ಲಿ ಗಿಡ್ಡ ಕೂದಲು, ಕೆನ್ನೆ ಪಕ್ಕ ಮಾತ್ರ ಎರಡು ಎಳೆ. ಇವಳಿಂದ ಏನೂ ಆಗದು ಅಂತ ಅಪ್ಪನೇ ಕೈಬಿಟ್ಟಿರುತ್ತಾನೆ. 2007ರಲ್ಲಿ ಶಿಪ್ಪುಡೆನ್ ಅನ್ನುವ ಎರಡನೇ ಭಾಗ ಶುರುವಾದಾಗ ಅವಳ ಕೂದಲು ಬೆನ್ನಿಗಿಳಿದು ಪೂರ್ತಿ ಹಿಮೆ ಕಟ್ ಆಗಿದೆ. ಹುಡುಗಿ ದೊಡ್ಡವಳಾಗಿದ್ದಾಳೆ, ಮನೆತನಕ್ಕೆ ತಕ್ಕವಳಾಗುತ್ತಿದ್ದಾಳೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ.

ಇನ್ನೊಂದು ತುದಿಯಲ್ಲಿ 2005ರ ಹೆಲ್ ಗರ್ಲ್ ಇದೆ. ಎನ್ಮಾ ಆಯ್ ಅಂತ ಹುಡುಗಿ. ಅದೇ ಕೂದಲು, ಕೆಂಪು ಕಣ್ಣು. ನಡುರಾತ್ರಿ ಒಂದು ವೆಬ್‌ಸೈಟಿನಲ್ಲಿ ನಿಮ್ಮ ಶತ್ರುವಿನ ಹೆಸರು ಬರೆದರೆ ಬಂದು ನಿಲ್ಲುತ್ತಾಳೆ. ಕೊರಳಿಗೆ ಕೆಂಪು ದಾರ ಕಟ್ಟಿದ ಹುಲ್ಲಿನ ಬೊಂಬೆ ಕೊಡುತ್ತಾಳೆ. ದಾರ ಎಳೆದರೆ ಶತ್ರು ನರಕಕ್ಕೆ. ಆದರೆ ನೀವು ಸತ್ತ ಮೇಲೆ ನೀವೂ ಅಲ್ಲಿಗೇ. ಇಷ್ಟನ್ನೂ ಒಂದೇ ದನಿಯಲ್ಲಿ, ಹುಬ್ಬು ಕೂಡ ಆಡಿಸದೆ ಹೇಳುತ್ತಾಳೆ. ರಾಜಕುಮಾರಿಯ ಗಾಂಭೀರ್ಯವೂ ದೆವ್ವದ ತಣ್ಣಗಿನ ಮುಖವೂ ಎಷ್ಟು ಹತ್ತಿರ ಅಂತ ಆಗ ಗೊತ್ತಾಗುತ್ತದೆ.

ನನಗೆ ಇವೆರಡಕ್ಕಿಂತ ಇಷ್ಟವಾದದ್ದು 2009ರ ಕಿಮಿ ನಿ ತೊದೊಕೆ. ಅದರ ಹುಡುಗಿ ಸವಾಕೊ ರಾಜಕುಮಾರಿಯೂ ಅಲ್ಲ, ದೆವ್ವವೂ ಅಲ್ಲ. ಸಾಧಾರಣ ಮನೆಯ, ತುಂಬ ಒಳ್ಳೆಯ ಹುಡುಗಿ. ಉದ್ದ ಕಪ್ಪು ಕೂದಲು, ಹಣೆ ಮೇಲೆ ನೇರ ಗೆರೆ. ಜೊತೆಗೆ ನಾಚಿಕೆ, ನಗಲು ಹೋದರೆ ಮುಖ ಇನ್ನಷ್ಟು ಗಂಟಾಗುತ್ತದೆ. ತರಗತಿಯವರು ಅವಳನ್ನು ಸದಾಕೊ ಅಂತ ಕರೆಯುತ್ತಾರೆ. ಟಿವಿಯೊಳಗಿಂದ ತೆವಳಿಕೊಂಡು ಹೊರಬರುವ ಸಿನಿಮಾ ದೆವ್ವದ ಹೆಸರು ಅದು. ಅವಳನ್ನು ದಿಟ್ಟಿಸಿದರೆ ಶಾಪ ತಟ್ಟುತ್ತದೆ ಅಂತ ಗಾಳಿಮಾತು ಬೇರೆ. ಪಾಪ, ಆ ಹುಡುಗಿ ಸುಮ್ನೆ ಬೆಳಿಗ್ಗೆ ಶುಭೋದಯ ಹೇಳಲು ಹೋದರೂ ಎದುರಿನವರು ಬೆಚ್ಚಿಬೀಳುತ್ತಾರೆ. ಕೂದಲನ್ನು ನೋಡಿ ಮನುಷ್ಯರನ್ನು ಅಳೆಯುವ ಅಭ್ಯಾಸವನ್ನು ನೋಡುಗರಿಗೆ ಕಲಿಸಿದ್ದೇ ಅನಿಮೆ. ಅದೇ ಅಭ್ಯಾಸದಿಂದ ಒಬ್ಬ ಹುಡುಗಿ ಪಡುವ ಪಾಡನ್ನೂ ಅನಿಮೆಯೇ ತೋರಿಸುತ್ತದೆ.

ಪರದೆಯ ಆಚೆಗೂ ಈ ಪಾಡು ಇದೆ. ಕಪ್ಪು, ನೇರ ಕೂದಲೇ ಸರಿಯಾದ ಕೂದಲು ಅನ್ನುವ ಎಣಿಕೆ ಜಪಾನಿನ ಎಷ್ಟೋ ಶಾಲೆಗಳ ನಿಯಮದಲ್ಲಿ ಸೇರಿಹೋಗಿತ್ತು. ಒಸಾಕಾದ ಒಬ್ಬ ವಿದ್ಯಾರ್ಥಿನಿ ತನ್ನ ಕೂದಲು ಹುಟ್ಟಿನಿಂದಲೇ ಕಂದು ಅಂತ ಹೇಳಿದರೂ, ಕಪ್ಪು ಬಣ್ಣ ಹಚ್ಚಿಕೊಂಡು ಬಾ ಅಂತ ಮತ್ತೆ ಮತ್ತೆ ಕಳಿಸಿದರು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ಆಮೇಲೆ ಹಾಜರಿ ಪಟ್ಟಿಯಿಂದ ಹೆಸರು ತೆಗೆದರು, ತರಗತಿಯಲ್ಲಿ ಅವಳ ಮೇಜೂ ಇಲ್ಲ. 2017ರಲ್ಲಿ ಅವಳು ಕೋರ್ಟಿಗೆ ಹೋದಳು. 2021ರ ಫೆಬ್ರವರಿಯಲ್ಲಿ ತೀರ್ಪು ಬಂತು. ಮೇಜು, ಹೆಸರು ತೆಗೆದದ್ದು ತಪ್ಪು, 3 ಲಕ್ಷ 30 ಸಾವಿರ ಯೆನ್ ಪರಿಹಾರ ಕೊಡಿ ಅಂದಿತು ಕೋರ್ಟು. ಕೂದಲಿನ ನಿಯಮ ಮಾತ್ರ ಕಾನೂನಿಗೆ ವಿರುದ್ಧವಲ್ಲ ಅಂದಿತು. ಅರ್ಧ ನ್ಯಾಯ ಅಂತಲೇ ನನ್ನ ಭಾವನೆ.

ಕೊನೆಯದಾಗಿ ಕತ್ತರಿಯ ವಿಷಯ. ಹೇಯಾನ್ ಕಾಲದಲ್ಲಿ ಸಂಸಾರ ಸಾಕು ಅನ್ನಿಸಿದ ಹೆಂಗಸು ಸನ್ಯಾಸ ತಗೊಂಡರೆ, ನೆಲ ಮುಟ್ಟುವ ಕೂದಲನ್ನು ಭುಜದ ಮಟ್ಟಕ್ಕೆ ಕತ್ತರಿಸುತ್ತಿದ್ದರು. ಅನಿಮೆಯಲ್ಲೂ ಹಿಮೆ ಕಟ್ಟಿನ ಹುಡುಗಿ ಕೂದಲು ಕತ್ತರಿಸಿದಳು ಅಂದರೆ ಅವಳ ಬದುಕಿನಲ್ಲಿ ಏನೋ ಕಡಿದುಹೋಗಿದೆ ಅಂತಲೇ ಲೆಕ್ಕ. 2013ರ ಕಿಲ್ ಲಾ ಕಿಲ್‌ನ ಕಿರ್ಯೂಯಿನ್ ಸತ್ಸುಕಿಯನ್ನು ನೋಡಿ. ಕೈಯಲ್ಲಿ ಕತ್ತಿ, ಬೆನ್ನ ಹಿಂದೆ ಕಣ್ಣು ಕುಕ್ಕುವ ಬೆಳಕು, ಇಡೀ ಶಾಲೆ ಅವಳ ಹಿಮ್ಮಡಿಯ ಕೆಳಗೆ. ತನ್ನ ತಾಯಿಯ ಜೊತೆಗಿನ ಯುದ್ಧ ಮುಗಿದ ಮೇಲೆ ಅವಳು ಗಿಡ್ಡ ಕೂದಲಿನಲ್ಲಿ ಕಾಣಿಸಿಕೊಳ್ಳುತ್ತಾಳೆ, ಬೇರೆ ಹುಡುಗಿಯರ ಹಾಗೆ ಆರಾಮಾಗಿ ಓಡಾಡುತ್ತಾಳೆ. ಹಿನಾತಾ ಕೂಡ ಅಷ್ಟೇ. ನರುಟೊದ ಮುಂದಿನ ಕಥೆಯಾದ ಬೊರುಟೊ ಹೊತ್ತಿಗೆ ಅವಳು ಇಬ್ಬರು ಮಕ್ಕಳ ತಾಯಿ. ನರುಟೊನನ್ನು ಮದುವೆಯಾಗಿ ಹ್ಯೂಗಾ ಹೋಗಿ ಉಜುಮಾಕಿ ಆಗಿದ್ದಾಳೆ, ಕೂದಲು ಭುಜಕ್ಕೂ ತಾಗುವುದಿಲ್ಲ.

ನಮಸ್ಕಾರ.