ಮೋಲಾರಿಟಿ: ತೂಗುವ ಮೊದಲು ಸೀಸೆಯ ಚೀಟಿ ಓದಿ

(ತೆರೆಯ ಮೇಲೆ: ನೀಲಿ ಹರಳುಗಳಿರುವ ಸೀಸೆ)

ನಮಸ್ಕಾರ. ಇಂದು 0.1 ಮೋಲಾರ್ ಕಾಪರ್ ಸಲ್ಫೇಟ್ ದ್ರಾವಣವನ್ನು 250 ಮಿಲಿಲೀಟರ್ ತಯಾರಿಸೋಣ. ಮೈಲುತುತ್ತ ಎಂದು ಕರೆಯುವುದು ಈ ಹರಳನ್ನೇ.

ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ (ಕಣಗಳನ್ನು ಎಣಿಸುವ ಮಾನ) ವಸ್ತು ಕರಗಿದೆ ಎಂಬುದೇ ಮೋಲಾರಿಟಿ. ನಮಗೆ ಬೇಕಾದದ್ದು 0.1 × 0.250, ಅಂದರೆ 0.025 ಮೋಲ್. ಅದನ್ನು ಗ್ರಾಮಿಗೆ ತರಲು ಮೋಲಾರ್ ದ್ರವ್ಯರಾಶಿಯಿಂದ, ಅಂದರೆ ಒಂದು ಮೋಲ್‌ನ ತೂಕದಿಂದ, ಗುಣಿಸಬೇಕು.

ಬಹಳ ಮಂದಿ ಎಡವುವುದು ಇಲ್ಲಿಯೇ. ಬಿಳಿ ಪುಡಿಯಾಗಿರುವ ನಿರ್ಜಲ ಕಾಪರ್ ಸಲ್ಫೇಟ್‌ನ ಮೋಲಾರ್ ದ್ರವ್ಯರಾಶಿ 159.6 ಗ್ರಾಂ. ನೀಲಿ ಹರಳಿನಲ್ಲಿಯಾದರೋ ಪ್ರತಿ ಘಟಕಕ್ಕೂ ಐದು ನೀರಿನ ಅಣುಗಳು ಅಂಟಿಕೊಂಡಿರುತ್ತವೆ, ಅದರದು 249.7. ತಕ್ಕಡಿ ಆ ನೀರನ್ನೂ ತೂಗುತ್ತದೆ. ಆದ್ದರಿಂದ 0.025 × 249.7, ಅಂದರೆ 6.24 ಗ್ರಾಂ ತೂಗಬೇಕು. ಚೀಟಿ ನೋಡದೆ 159.6ರ ಲೆಕ್ಕದಲ್ಲಿ 3.99 ಗ್ರಾಂ ಹರಳು ಹಾಕಿದರೆ ದ್ರಾವಣ 0.064 ಮೋಲಾರ್ ಮಾತ್ರ ಆಗುತ್ತದೆ. ಬಣ್ಣ ಆಗಲೂ ನೀಲಿಯೇ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇಂಥ ದ್ರಾವಣದಿಂದ ಮೂರು ಬಾರಿ ಟೈಟ್ರೇಶನ್ (ಒಂದು ದ್ರಾವಣವನ್ನು ಹನಿಹನಿಯಾಗಿ ಸೇರಿಸಿ ಇನ್ನೊಂದರ ಸಾಂದ್ರತೆ ಅಳೆಯುವುದು) ಮಾಡಿ, ಮೂರೂ ಬಾರಿ ಒಂದೇ ತಪ್ಪು ಉತ್ತರ ಬಂದು ಕಂಗಾಲಾದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಅವರ ಕೈಚಳಕದಲ್ಲಿ ಏನೂ ಕೊರತೆ ಇರಲಿಲ್ಲ.

(ತೆರೆಯ ಮೇಲೆ: ಬೀಕರ್, ಬಳಿಕ ಉದ್ದ ಕತ್ತಿನ ಫ್ಲಾಸ್ಕ್)

ಕೈಗವಸು, ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಹರಳನ್ನು ಸುಮಾರು 100 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಪೂರ್ತಿ ಕರಗಿಸಿ. 250 ಅಳೆದಿಟ್ಟ ನೀರಿಗೇ ಹರಳು ಸುರಿಯಬೇಡಿ. ಆ ಅಳತೆ ದ್ರಾವಣದ್ದು. ಕರಗಿದ್ದನ್ನು ಆಲಿಕೆಯ ಮೂಲಕ 250 ಮಿಲಿಲೀಟರ್ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಇಳಿಸಿ, ಬೀಕರನ್ನು ಎರಡು ಮೂರು ಸಲ ತೊಳೆದ ನೀರನ್ನೂ ಅದಕ್ಕೇ ಸೇರಿಸಿ. ಗಾಜಿಗೆ ಅಂಟಿದ ನೀಲಿಯೂ ಆ 6.24 ಗ್ರಾಮಿನ ಪಾಲೇ. ಬಿಸಿನೀರು ಬಳಸಿದ್ದರೆ ಮೊದಲು ತಣಿಯಲು ಬಿಡಿ, ಏಕೆಂದರೆ ಫ್ಲಾಸ್ಕಿನ ಕತ್ತಿನ ಮೇಲಿರುವ ಅಳತೆಯ ಗೆರೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು.

ಫ್ಲಾಸ್ಕಿಗೆ ಬಟ್ಟಿ ಇಳಿಸಿದ ನೀರು ಸೇರಿಸುತ್ತಾ ಹೋಗಿ, ಗೆರೆಗೆ ಒಂದು ಸೆಂಟಿಮೀಟರ್ ಇರುವಾಗ ಕೈ ತಡೆಯಿರಿ. ಇನ್ನು ಹನಿಹನಿಯಾಗಿಯೇ ಹಾಕಬೇಕು. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ತಳ ಗೆರೆಯನ್ನು ಮುಟ್ಟಿದಾಗ ನಿಲ್ಲಿಸಿ. ಗೆರೆ ದಾಟಿತೆಂದು ಹೆಚ್ಚಾದದ್ದನ್ನು ಹೀರಿ ತೆಗೆದರೆ ಜೊತೆಗೆ ತಾಮ್ರವೂ ಹೋಗುತ್ತದೆ. ಹೊಸದಾಗಿ ತೂಗುವುದೊಂದೇ ದಾರಿ.

ಮುಚ್ಚಳ ಬಿಗಿದು ಹತ್ತು ಹದಿನೈದು ಸಲ ತಲೆಕೆಳಗು ಮಾಡಿ. ಬಳಿಕ ಶುದ್ಧ, ಒಣ ಸೀಸೆಗೆ ತುಂಬಿ ಚೀಟಿ ಅಂಟಿಸಿ: ಕಾಪರ್ ಸಲ್ಫೇಟ್, 0.1 ಮೋಲಾರ್, ತಯಾರಿಸಿದ ದಿನಾಂಕ.